ಸತ್ನಾಮ್ ಎನ್‌ಬಿಎ ಆಡಿದ್ನಾ ಇಲ್ವಾ? ಏಳಡಿ ಎರಡಿಂಚಿನ ಹುಡುಗನ ಹಿಂದಿನ ಕಥೆ

ನಮ್ಮ ಶಿವಮೊಗ್ಗದ ಕಡೆ ಹುಡುಗ ಆರಡಿ ದಾಟಿದ್ರೆ ಸಾಕು, ಮದುವೆ ಮನೇಲಿ ಸಿಕ್ಕೋರೆಲ್ಲ ಕೇಳೋದು ಒಂದೇ, "ಏನೋ, ಬ್ಯಾಸ್ಕೆಟ್‌ಬಾಲ್ ಆಡ್ತೀಯಾ?" ಅಂತ. ಹೂಂ ಅಂದ್ರೆ ಮುಂದಿನ ಪ್ರಶ್ನೆ, ಅದ್ರಿಂದ ಏನು ಸಿಗುತ್ತೆ. ಅಷ್ಟೊತ್ತಿಗೆ ಯಾರಾದ್ರೂ ಒಬ್ರು ಪಂಜಾಬಿನ ಸತ್ನಾಮ್ ಸಿಂಗ್ ಹೆಸರು ತೆಗೀತಾರೆ, ಅವ್ನು ಅಮೆರಿಕಕ್ಕೆ ಹೋಗಿ ಅಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಡಿದ್ನಂತೆ, ಕೋಟಿಗಟ್ಲೆ ದುಡ್ಡಂತೆ ಅಂತ. ಅದು ಅರ್ಧ ಮಾತ್ರ ನಿಜ ಮಾರಾಯ್ರೆ. 2015ರ ಜೂನ್ 25ರಂದು ಡಲ್ಲಾಸ್ ಮಾವೆರಿಕ್ಸ್ ತಂಡ ಅವನನ್ನ ಡ್ರಾಫ್ಟ್‌ನಲ್ಲಿ, ಅಂದ್ರೆ ಎನ್‌ಬಿಎ ತಂಡಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋ ಸರದಿಯಲ್ಲಿ, 52ನೆಯವನಾಗಿ ಆರಿಸ್ಕೊಂಡಿದ್ದು ನಿಜ, ಭಾರತದಲ್ಲಿ ಹುಟ್ಟಿದ ಹುಡುಗನೊಬ್ಬ ಹಾಗೆ ಆಯ್ಕೆ ಆಗಿದ್ದು ಅದೇ ಮೊದಲು ಅನ್ನೋದೂ ನಿಜ, ಆದ್ರೆ ಎನ್‌ಬಿಎ ಸೀಸನ್ ಮ್ಯಾಚಲ್ಲಿ ಅವನು ಒಂದೇ ಒಂದು ನಿಮಿಷನೂ ಆಡಿಲ್ಲ. ಯಾಕೆ ಅಂತ ಕೇಳಿದ್ರೆ ಎಲ್ಲರ ಬಾಯಲ್ಲೂ "ಅವನಿಗೆ ಸ್ಪೀಡ್ ಇರ್ಲಿಲ್ಲ" ಅನ್ನೋ ಉತ್ತರ ರೆಡಿ ಇರುತ್ತೆ. ಅದು ಪೂರ್ತಿ ಸುಳ್ಳಲ್ಲ, ಆದ್ರೆ ಅಷ್ಟಕ್ಕೇ ಬಿಟ್ರೆ ಹುಡುಗನಿಗೆ ಅನ್ಯಾಯ.

ಸತ್ನಾಮ್ ಹುಟ್ಟಿದ್ದು 1995ರ ಡಿಸೆಂಬರಲ್ಲಿ, ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಅನ್ನೋ ಸಣ್ಣ ಹಳ್ಳೀಲಿ. ಅಪ್ಪ ಬಲ್ಬೀರ್ ಸಿಂಗ್ ಅವರೂ ಏಳಡಿ ಮೇಲೆ, ಕೃಷಿಕರು. ಅವರ ಕಾಲದಲ್ಲೂ ಜನ ಬ್ಯಾಸ್ಕೆಟ್‌ಬಾಲ್ ಆಡು ಅಂದಿದ್ರಂತೆ, ಮನೆಯವ್ರು ಮಾತ್ರ ಹೊಲ ಯಾರು ನೋಡ್ಕೋತಾರೆ ಅಂತ ಬಿಡ್ಲಿಲ್ಲ. ಇಲ್ಲಿ ತೀರ್ಥಹಳ್ಳಿ, ಸಾಗರದ ತೋಟದ ಮನೆಗಳಲ್ಲಿ ಇದೇ ಮಾತು ಅಡಿಕೆ ಹೆಸರಲ್ಲಿ ಕೇಳುತ್ತೆ, ಅದಕ್ಕೇ ಬಲ್ಬೀರ್ ನನಗಂತೂ ಪಕ್ಕದ ಊರಿನವರ ಥರಾನೇ ಅನ್ನಿಸ್ತಾರೆ. ಮಗನ ಸರದಿ ಬಂದಾಗ ಅವರು ಮನೆ ಅಂಗಳದಲ್ಲೇ ಬುಟ್ಟಿ ಕಂಬ ನಿಲ್ಲಿಸಿ ಕೊಟ್ರು, ಆಮೇಲೆ ಹತ್ತು ವರ್ಷದ ಆಸುಪಾಸಲ್ಲಿ ಹುಡುಗನನ್ನ ಲುಧಿಯಾನಾ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದ್ರು. ಅಲ್ಲಿ ಕೋಚ್ ಎಸ್. ಸುಬ್ರಮಣಿಯನ್ ಸಿಕ್ಕಿದ್ದು ಅವನ ಅದೃಷ್ಟ. ಇವತ್ತು ಇಂಡಿಯಾ ಟೀಮಿನ ಎತ್ತರದ ಹುಡುಗರ ಲಿಸ್ಟ್ ತೆಗೆದ್ರೆ ಸುಮಾರು ಜನ ಲುಧಿಯಾನಾ ಕೋರ್ಟಿನಿಂದ ಬಂದವರೇ.

ಲುಧಿಯಾನಾನೇ ಯಾಕೆ, ಬೇರೆ ಊರು ಯಾಕಲ್ಲ ಅಂತ ನೋಡೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಈ ಆಟ ಹುಟ್ಟಿದ್ದು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಲ್ಲಿ, ವೈಎಂಸಿಎ ಕಾಲೇಜಲ್ಲಿ, ನಮ್ಮ ದೇಶಕ್ಕೂ ಅದೇ ವೈಎಂಸಿಎ ದಾರೀಲೇ ಬಂತು, ಮೊದಲ ನ್ಯಾಷನಲ್ಸ್ ನಡೆದಿದ್ದು 1934ರಲ್ಲಿ ದೆಹಲೀಲಿ, ಫೆಡರೇಷನ್ ಆಗಿದ್ದು 1950ರಲ್ಲಿ. ಹಾಗಾಗಿ ಮೊದ್ಲಿಂದ್ಲೂ ಇದು ಕಾಲೇಜು ಗ್ರೌಂಡಿನ, ಕಾನ್ವೆಂಟ್ ಸ್ಕೂಲಿನ ಆಟ. ಓದು ಮುಗಿದ ಮೇಲೆ ಆಟ ಮುಂದುವರಿಬೇಕು ಅಂದ್ರೆ ಇದ್ದದ್ದು ಒಂದೇ ದಾರಿ, ಸ್ಪೋರ್ಟ್ಸ್ ಕೋಟಾ ಕೆಲ್ಸ. ರೈಲ್ವೆ, ಓಎನ್‌ಜಿಸಿ, ಸರ್ವಿಸಸ್, ಪಂಜಾಬ್ ಪೊಲೀಸ್, ಇಂಡಿಯನ್ ಓವರ್‌ಸೀಸ್ ಬ್ಯಾಂಕ್. ನಮ್ಮಲ್ಲಿ ವಿಜಯಾ ಬ್ಯಾಂಕ್ ಟೀಮ್ ಇತ್ತು, ಆ ಬ್ಯಾಂಕೇ 2019ರ ಏಪ್ರಿಲಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿಹೋಯ್ತು. ಪಂಜಾಬಲ್ಲಿ ಪೊಲೀಸ್ ಕೆಲಸದ ಆಸೆಗೆ ಹಳ್ಳಿ ಹುಡುಗ್ರು ಕೋರ್ಟಿಗೆ ಬಂದ್ರು, ನಮ್ಮಲ್ಲಿ ಸಿಇಟಿ ಸ್ಪೋರ್ಟ್ಸ್ ಕೋಟಾ ಸೀಟ್ ಸಿಕ್ಕಿದ ದಿನಾನೇ ಬಾಲ್ ಕೆಳಗಿಟ್ಟವ್ರು ಎಷ್ಟು ಜನ! ಭಾರತದ ಗಂಡಸರ ತಂಡ ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980 ಮಾಸ್ಕೋ, ಅದೂ ಬಹಿಷ್ಕಾರದಿಂದ ದೊಡ್ಡ ದೊಡ್ಡ ದೇಶಗಳೇ ಬರದೇ ಇದ್ದಾಗ.

ಅಂದ್ರೆ ಸತ್ನಾಮ್ ಬೆಳೀತಿದ್ದಾಗ ಈ ದೇಶದಲ್ಲಿ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಅನ್ನೋದೇ ಇರ್ಲಿಲ್ಲ. ಸಂಬಳ ಕೊಡೋದು ಆಫೀಸು, ಆಟ ಆಡೋದು ಆಫೀಸಿನ ಪರವಾಗಿ.

2010ರಲ್ಲಿ ದೊಡ್ಡ ಬದಲಾವಣೆ ಆಗುತ್ತೆ ಅಂತ ಎಲ್ರೂ ಅಂದ್ಕೊಂಡ್ರು. ಐಎಂಜಿ-ರಿಲಯನ್ಸ್ ಕಂಪನಿ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಜೊತೆ 30 ವರ್ಷದ ಒಪ್ಪಂದ ಮಾಡ್ಕೊಳ್ತು, ಲೀಗ್ ಬರುತ್ತೆ, ಹಳ್ಳಿಯಿಂದ ಟ್ಯಾಲೆಂಟ್ ಹುಡುಕ್ತೀವಿ ಅಂತೆಲ್ಲ ಸುದ್ದಿ. ಲೀಗ್ ಬರ್ಲೇ ಇಲ್ಲ. ಆದ್ರೆ ಆ ಯೋಜನೆಯಲ್ಲೇ ಕೆಲವು ಮಕ್ಕಳನ್ನ ಫ್ಲೋರಿಡಾದ ಬ್ರಾಡೆಂಟನ್‌ನಲ್ಲಿರೋ ಐಎಂಜಿ ಅಕಾಡೆಮಿಗೆ ಸ್ಕಾಲರ್‌ಶಿಪ್ ಮೇಲೆ ಕಳಿಸಿದ್ರು, ಅದ್ರಲ್ಲಿ ಹದಿನಾಲ್ಕು ವರ್ಷದ ಸತ್ನಾಮ್ ಒಬ್ಬ. ಇಂಗ್ಲಿಷ್ ಬರಲ್ಲ, ಊಟ ಒಗ್ಗಲ್ಲ, ಕೋಚ್ ಏನು ಹೇಳ್ತಿದಾರೆ ಅಂತ ಕೈಸನ್ನೆ ನೋಡಿ ತಿಳ್ಕೋಬೇಕು. ಬೆಂಗಳೂರು ಹಾಸ್ಟೆಲ್ಲಿಗೆ ಹೋದ ನಮ್ಮ ಹೊಸನಗರದ ಹುಡುಗ್ರೇ ಮೊದ್ಲ ತಿಂಗಳು ಬ್ಯಾಗ್ ಹಾಕ್ಕೊಂಡು ವಾಪಸ್ ಬರ್ತಾರೆ, ಇವನು ಐದು ವರ್ಷ ಅಲ್ಲೇ ಇದ್ದ.

ಆಮೇಲೆ ಡ್ರಾಫ್ಟ್. ಇದನ್ನ ಐಪಿಎಲ್ ಹರಾಜಿನ ಹಾಗೆ ಅಂದ್ಕೊಂಡ್ರೆ ಲೆಕ್ಕ ತಪ್ಪುತ್ತೆ. ಇಲ್ಲಿ ಬಿಡ್ಡಿಂಗ್ ಇಲ್ಲ, ಸೋತ ತಂಡಗಳಿಗೆ ಮೊದ್ಲು ಆರಿಸ್ಕೊಳ್ಳೋ ಅವಕಾಶ ಸಿಗೋ ಹಾಗೆ ಸರದಿ ಇರುತ್ತೆ, ಎರಡು ರೌಂಡಲ್ಲಿ ಒಟ್ಟು 60 ಹೆಸರು. ಮೊದಲ ರೌಂಡಲ್ಲಿ ಬಂದವನಿಗೆ ಗ್ಯಾರಂಟಿ ಕಾಂಟ್ರ್ಯಾಕ್ಟು, ಎರಡನೇ ರೌಂಡಲ್ಲಿ ಅಂಥ ಗ್ಯಾರಂಟಿ ಏನೂ ಇಲ್ಲ, ಬೇರೆ ಎನ್‌ಬಿಎ ತಂಡ ಇವನನ್ನ ಮುಟ್ಟೋ ಹಾಗಿಲ್ಲ ಅನ್ನೋ ಹಕ್ಕು ಆರಿಸಿದ ತಂಡದ ಕೈಗೆ ಬರುತ್ತೆ ಅಷ್ಟೇ. 52 ಅಂದ್ರೆ ಎರಡನೇ ರೌಂಡಿನ ಕೊನೆ ಹತ್ರ. 30 ತಂಡ, ತಂಡಕ್ಕೆ 15 ಜನ ಅಂತ ಹಿಡಿದ್ರೂ ಇಡೀ ಲೀಗಲ್ಲಿ ಇರೋದು 450 ಜಾಗ, ಅಲ್ಲಿಗೆ ಇಡೀ ಪ್ರಪಂಚದವರ ಪೈಪೋಟಿ. 2005ರಲ್ಲಿ ಕನಿಷ್ಠ ವಯಸ್ಸು 19 ಅಂತ ರೂಲ್ ಬದಲಾದ ಮೇಲೆ ಕಾಲೇಜು ಆಡದೆ, ಬೇರೆ ದೇಶದಲ್ಲಿ ಪ್ರೊಫೆಷನಲ್ ಆಗೂ ಆಡದೆ, ಸೀದಾ ಹೈಸ್ಕೂಲ್ ಮಟ್ಟದ ಆಟದಿಂದ ಡ್ರಾಫ್ಟ್ ಆದವನು ಇವನೇ ಮೊದಲಿಗ. ಪೇಪರಿನವರು ಇದನ್ನ ಹೆಗ್ಗಳಿಕೆ ಅಂತ ಬರೆದ್ರು, ನನಗೆ ಕಾಣೋದು ಬೇರೆ, ಇವನ ಜೊತೆ ಆಯ್ಕೆ ಆದವರೆಲ್ಲ ಕಾಲೇಜಲ್ಲೋ ಯೂರೋಪಲ್ಲೋ ದೊಡ್ಡವರ ಜೊತೆ ಮ್ಯಾಚ್ ಆಡಿ ಬಂದಿದ್ರು, ಇವನಿಗೆ ಆ ಮೆಟ್ಟಿಲೇ ಸಿಗ್ಲಿಲ್ಲ.

ಇನ್ನು ಟೈಮಿಂಗ್ ನೋಡಿ. ಅದೇ ಜೂನ್ ತಿಂಗಳಲ್ಲಿ, ಡ್ರಾಫ್ಟಿಗೆ ಎರಡು ವಾರ ಮೊದ್ಲು, ಎನ್‌ಬಿಎ ಫೈನಲ್ಸ್‌ನ ನಾಲ್ಕನೇ ಮ್ಯಾಚಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಬುಟ್ಟಿ ಹತ್ರ ಆಡೋ ಏಳಡಿ ಆಟಗಾರ, ಅಂದ್ರೆ ಸೆಂಟರ್, ಆಂಡ್ರ್ಯೂ ಬೋಗಟ್‌ನ ಕೂರಿಸಿ ಆರಡಿ ಆರಿಂಚಿನ ಆಂಡ್ರೆ ಇಗ್ವೊಡಾಲಾನ ಶುರುವಿಂದಲೇ ಇಳಿಸಿತು, ಕ್ಲೀವ್‌ಲ್ಯಾಂಡನ್ನ 4-2ರಿಂದ ಸೋಲಿಸಿ ಚಾಂಪಿಯನ್ ಆಯ್ತು. ಆಮೇಲೆ ಎಲ್ಲ ತಂಡಗಳೂ ಅದೇ ದಾರಿ ಹಿಡಿದ್ವು, ದೂರದಿಂದ ಮೂರು ಪಾಯಿಂಟ್ ಹೊಡಿ, ಓಡು, ಯಾರು ಬಂದ್ರೂ ಗಾರ್ಡ್ ಮಾಡು. ಬುಟ್ಟಿ ಕೆಳಗೆ ನಿಂತು ಬಾಲ್ ತಗೊಳ್ಳೋ ದೊಡ್ಡ ದೇಹದ ಸೆಂಟರಿಗೆ ಕೆಲಸ ಕಮ್ಮಿ ಆಗ್ತಾ ಹೋಯ್ತು. ಸತ್ನಾಮ್ ಕಲಿತಿದ್ದು ಸರಿಯಾಗಿ ಆ ಹಳೇ ಆಟಾನೇ. ಅದೇ ವರ್ಷ ಏಪ್ರಿಲಲ್ಲಿ ಕೆನಡಾದ ಪಂಜಾಬಿ ಹುಡುಗ ಸಿಮ್ ಭುಲ್ಲರ್, ಏಳಡಿ ಐದಿಂಚು, ಸ್ಯಾಕ್ರಮೆಂಟೊ ಕಿಂಗ್ಸ್ ಪರ ಮೊದಲ ಮ್ಯಾಚಲ್ಲಿ ಆಡಿದ್ದು 16 ಸೆಕೆಂಡು, ಒಟ್ಟು ಮೂರೇ ಮ್ಯಾಚು, ಆಮೇಲೆ ತೈವಾನ್ ಕಡೆ ಹೋಗಿ ಅಲ್ಲಿ ಚೆನ್ನಾಗಿ ಆಡ್ದ.

ಸತ್ನಾಮ್ ಸಮ್ಮರ್ ಲೀಗಲ್ಲಿ, ಅಂದ್ರೆ ಸೀಸನ್‌ಗೂ ಮುಂಚೆ ಹೊಸ ಹುಡುಗರನ್ನ ಆಡಿಸಿ ನೋಡೋ ಟೂರ್ನಮೆಂಟಲ್ಲಿ, ಡಲ್ಲಾಸ್ ಜರ್ಸಿ ಹಾಕಿದ, ಆಮೇಲೆ ಎರಡು ಸೀಸನ್ ಎನ್‌ಬಿಎ ಕೆಳಗಿನ ಲೀಗಾದ ಡಿ-ಲೀಗಿನ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ, ಹೆಚ್ಚು ಹೊತ್ತು ಬೆಂಚಲ್ಲೇ. ಕೋಟಿ ಕೋಟಿ ಅನ್ನೋರಿಗೆ ಒಂದು ಮಾತು, ಆಗ ಡಿ-ಲೀಗ್ ಸಂಬಳ ಇಡೀ ಸೀಸನ್‌ಗೆ 13 ಸಾವಿರದಿಂದ 25 ಸಾವಿರ ಡಾಲರ್. ಅಮೆರಿಕದ ಖರ್ಚಿಗೆ ಅದು ಏನೂ ಅಲ್ಲ. 2018ರಲ್ಲಿ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಹೋದ.

ವಾಪಸ್ ಬಂದು ಆಡೋಣ ಅಂದ್ರೆ ಇಲ್ಲೇನಿತ್ತು? 2015ರಲ್ಲೇ ಫೆಡರೇಷನ್ ಎರಡು ಹೋಳಾಗಿತ್ತು, ಬೆಂಗಳೂರಲ್ಲಿ ನಮ್ಮ ಕೆ. ಗೋವಿಂದರಾಜ್ ಬಣದ ಚುನಾವಣೆ, ಪುಣೇಲಿ ಪೂನಂ ಮಹಾಜನ್ ಬಣದ ಚುನಾವಣೆ, ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆ ಫೀಬಾ ಬೆಂಗಳೂರು ಬಣಕ್ಕೆ ಮಾನ್ಯತೆ ಕೊಡ್ತು. ದೇಶದ ಹುಡುಗ ಡ್ರಾಫ್ಟ್ ಆದ ವರ್ಷ ನಮ್ಮವರು ಕುರ್ಚಿ ಯಾರದ್ದು ಅಂತ ಬಡಿದಾಡ್ತಿದ್ರು ಅನ್ನೋದನ್ನ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರುತ್ತೆ. ಯುಬಿಎ ಅಂತ ಒಂದು ಖಾಸಗಿ ಲೀಗ್ 2015ರಲ್ಲಿ ಶುರುವಾಗಿ 2017ಕ್ಕೆ ನಿಂತೋಯ್ತು. 2019ರ ನವೆಂಬರಲ್ಲಿ ಸೌತ್ ಏಷ್ಯನ್ ಗೇಮ್ಸ್‌ಗೆ ಅಂತ ಬೆಂಗಳೂರಲ್ಲಿ ಕ್ಯಾಂಪ್ ನಡೀತಿದ್ದಾಗ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾ ಮಾಡಿದ ಟೆಸ್ಟಲ್ಲಿ ಸತ್ನಾಮ್ ಸ್ಯಾಂಪಲ್ಲಿನಲ್ಲಿ ಹೈಜೆನಮಿನ್ ಅನ್ನೋ ನಿಷೇಧಿತ ಪದಾರ್ಥ ಸಿಕ್ತು. ಕೆಲವು ಗಿಡಗಳಲ್ಲೇ ಇರೋ ಪದಾರ್ಥ ಅದು, ಸಪ್ಲಿಮೆಂಟ್ ಡಬ್ಬಿಗಳಲ್ಲೂ ಕಾಣಿಸ್ಕೊಳ್ಳುತ್ತೆ, ಆದ್ರೆ ಅಂತರರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧದ ಲಿಸ್ಟಲ್ಲಿ ಇದೆ ಅಂದ್ಮೇಲೆ ಇದೆ. ಎರಡು ವರ್ಷ ಬ್ಯಾನ್. 23ರಿಂದ 25, ಆಟಗಾರನಿಗೆ ಚಿನ್ನದಂಥ ವಯಸ್ಸು, ಹೋಯ್ತು. 2021ರಲ್ಲಿ ಅಮೆರಿಕದ ಎಇಡಬ್ಲ್ಯೂ ಕುಸ್ತಿ ಕಂಪನಿಗೆ ಸೈನ್ ಮಾಡಿದ, ಈಗ ಜನ ಅವನನ್ನ ಗುರುತಿಸೋದು ರಿಂಗಲ್ಲಿ.

ಅವನ ಹಿಂದೆ ಬಂದವರಿಗೆ ದಾರಿ ಸ್ವಲ್ಪ ಬದಲಾಯ್ತು. 2017ರಲ್ಲಿ ಎನ್‌ಬಿಎ ತಾನೇ ದೆಹಲಿ ಹತ್ರ ಅಕಾಡೆಮಿ ತೆಗೀತು. ಅಲ್ಲಿ ಕಲಿತ ಗುರುದಾಸ್‌ಪುರ ಜಿಲ್ಲೆಯ ಪ್ರಿನ್ಸ್‌ಪಾಲ್ ಸಿಂಗ್ ಆಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾಗೆ ಹೋಗಿ, 2020ರಲ್ಲಿ ಜಿ-ಲೀಗಿನ ಇಗ್ನೈಟ್ ತಂಡ ಸೇರಿದ, ಅಂದ್ರೆ ಅದೇ ಹಳೇ ಡಿ-ಲೀಗು, ಹೆಸರು ಬದಲಾಗಿತ್ತು. 2021ರಲ್ಲಿ ಸಮ್ಮರ್ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲೂ ಇದ್ದ. ಅಷ್ಟಾದ್ರೂ ಎನ್‌ಬಿಎ ಬಾಗಿಲು ತೆರೀಲಿಲ್ಲ, ಆ ಇಗ್ನೈಟ್ ತಂಡಾನೇ 2024ರಲ್ಲಿ ಮುಚ್ಚಿದ್ರು. ಅಮೃತ್‌ಪಾಲ್ ಸಿಂಗ್ ಅಂತೂ ಹೊಲದ ಕೆಲಸ ಮಾಡ್ಕೊಂಡಿದ್ದು ತುಂಬಾ ತಡವಾಗಿ ಬಾಲ್ ಹಿಡಿದವನು, 2017ರಲ್ಲಿ ಸಿಡ್ನಿ ಕಿಂಗ್ಸ್ ಸೇರಿದ. ಹುಡುಗೀರ ಕಡೆ ಇನ್ನೂ ಮೊದ್ಲೇ ಒಬ್ರು ಪ್ರಯತ್ನಪಟ್ಟಿದ್ರು, ರೈಲ್ವೆಯಲ್ಲಿದ್ದ ಗೀತು ಅನ್ನಾ ಜೋಸ್, 2011ರಲ್ಲೇ ಅಮೆರಿಕದ ಹೆಂಗಸರ ಲೀಗ್ ಡಬ್ಲ್ಯೂಎನ್‌ಬಿಎಯ ಮೂರು ತಂಡಗಳ ಟ್ರಯಲ್ಸ್‌ಗೆ ಹೋಗಿ ಬಂದ್ರು, ಕಾಂಟ್ರ್ಯಾಕ್ಟ್ ಸಿಗ್ಲಿಲ್ಲ, ಅವರ ಬಗ್ಗೆ ನಮ್ಮಲ್ಲಿ ಮಾತಾಡಿದವರೂ ಕಮ್ಮಿ. 2017ರ ಜುಲೈಲಿ ಬೆಂಗಳೂರಲ್ಲೇ ನಮ್ಮ ಹೆಣ್ಣುಮಕ್ಕಳ ತಂಡ ಕಜಕಸ್ತಾನವನ್ನ 75-73ರಲ್ಲಿ ಸೋಲಿಸಿ ಏಷ್ಯಾ ಕಪ್ಪಿನ ಎ ಡಿವಿಷನ್‌ಗೆ ಹತ್ತಿದ್ರು, ಅದು ಎಷ್ಟು ಜನಕ್ಕೆ ನೆನಪಿದೆಯೋ.

ಮಲೆನಾಡಿನ ಹುಡುಗನಿಗೆ ಇದ್ರಲ್ಲಿ ಇನ್ನೊಂದು ತೊಡಕು ಇದೆ, ಮಳೆ. ಜೂನ್ ಬಂತು ಅಂದ್ರೆ ಬಯಲಲ್ಲಿರೋ ಸಿಮೆಂಟ್ ಕೋರ್ಟು ಪಾಚಿ ಕಟ್ಟಿ ಜಾರುತ್ತೆ, ಕಾಲು ತಿರುಚಿಕೊಂಡ್ರೆ ಸೀಸನ್ನೇ ಮುಗೀತು, ಸೆಪ್ಟೆಂಬರ್ ತನಕ ಬಾಲ್ ಮುಟ್ಟೋ ಹಾಗಿಲ್ಲ. ಬೆಂಗಳೂರಿನ ಹುಡುಗ ಆ ನಾಲ್ಕು ತಿಂಗಳು ಸೂರು ಇರೋ ಕಡೆ ದಿನಾ ಶೂಟಿಂಗ್ ಮಾಡ್ತಿರ್ತಾನೆ. ಅದಕ್ಕೇ ನಮ್ಮ ಕಡೆ ಉದ್ದ ಇರೋ ಹುಡುಗ್ರನ್ನ ವಾಲಿಬಾಲ್ ಎಳ್ಕೊಂಡು ಹೋಗುತ್ತೆ, ಎರಡು ಕಂಬ ಒಂದು ನೆಟ್ ಸಾಕು, ಬೇಸಿಗೇಲಿ ಲೈಟ್ ಹಾಕಿ ರಾತ್ರಿಯೆಲ್ಲ ಟೂರ್ನಮೆಂಟು. ಅದನ್ನ ತಪ್ಪು ಅನ್ನೋಕಾಗಲ್ಲ, ನಾನೇ ನೋಡೋಕೆ ಹೋಗ್ತೀನಿ.

ಹುಡುಗನಿಗೆ ಹದಿಮೂರು ಹದಿನಾಲ್ಕರಲ್ಲೇ ಆಸೆ ಇದ್ರೆ ಕ್ರೀಡಾ ಇಲಾಖೆ ಹಾಸ್ಟೆಲ್ ಆಯ್ಕೆಗೆ ಕಳ್ಸಿ, ಎತ್ತರ ಎಷ್ಟೇ ಇರ್ಲಿ ಡ್ರಿಬ್ಲಿಂಗ್, ದೂರದ ಶಾಟ್ ಎರಡೂ ಕಲಿಸೋ ಕೋಚ್ ಹುಡುಕಿ, ಬುಟ್ಟಿ ಕೆಳಗೆ ನಿಲ್ಲಿಸಿ ಬಿಡೋರ ಹತ್ರ ಬಿಡ್ಬೇಡಿ. ಸಪ್ಲಿಮೆಂಟ್ ಡಬ್ಬಿ ತಗೊಳ್ಳೋ ಮುಂಚೆ ವಾಡಾ ಲಿಸ್ಟ್ ಗೊತ್ತಿರೋ ಡಾಕ್ಟರನ್ನ ಕೇಳಿ. ದುಡ್ಡಿನ ವಿಷಯಕ್ಕೆ ಬಂದ್ರೆ 2022ರ ಕೊನೇಲಿ ಐಎನ್‌ಬಿಎಲ್ ಅಂತ ಐದೈದು ಜನರ ಲೀಗ್ ಶುರುವಾಯ್ತು, ಬೆಂಗಳೂರು ಕಿಂಗ್ಸ್ ಅಂತ ನಮ್ಮದೂ ಒಂದು ತಂಡ ಇತ್ತು, ಆದ್ರೆ ವರ್ಷಪೂರ್ತಿ ಅದ್ರ ಮೇಲೇ ಬದುಕೋ ಅಷ್ಟು ಇನ್ನೂ ಬೆಳೆದಿಲ್ಲ, ಹಾಗಾಗಿ ರೈಲ್ವೆ ನೋಟಿಫಿಕೇಷನ್ ಬಂದ್ರೆ ಅರ್ಜಿ ಹಾಕೋದು ಬಿಡ್ಬೇಡಿ.