ಬೋರ್ ಹೊಡೆಸುವ ಮೊದಲು ಫ್ಲಶ್ ಟಾಕಿ ನೋಡಿ

ಹೋಳಿಹುಣ್ಣಿಮೆ ಮುಗಿಯುತ್ತಿದ್ದಂತೆ ವಿಜಯಪುರದ ಬಾಡಿಗೆ ಕಟ್ಟಡಗಳ ಮಾಲಕರು ಕೇಳುವುದು ಒಂದೇ ಪ್ರಶ್ನೆ: "ಸರ, ನೀರು ಸಾಲವಲ್ದು, ಇನ್ನೊಂದ್ ಬೋರ್ ಹೊಡಸೂಣೇನ್ರಿ?" ಬೋರ್ ಬೇಡವೇ ಬೇಡ ಎನ್ನಲಾರೆ. ಆದರೆ ನಿವೃತ್ತಿಯ ಹಣ ಹಾಕಿ ಕಟ್ಟಿಸಿದ ಮನೆಗಳಿವು, ಅದೇ ಬಾಡಿಗೆಯ ಮೇಲೆ ಸಂಸಾರ ನಡೆಯಬೇಕು. ಆ ದುಡ್ಡು ಗಟಾರಕ್ಕೆ ಹರಿಯುವುದನ್ನು ನೋಡಲಾಗುವುದಿಲ್ಲ. ಆದ್ದರಿಂದ ಮೊದಲು ಒಂದು ಲೆಕ್ಕ ಹಾಕೋಣ.

ಕಟ್ಟಡಕ್ಕೆ ನೀರಿನ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುತ್ತೇವೆ. ಎಂಟು ಮನೆ, ಮನೆಗೆ ನಾಲ್ವರಂತೆ 32 ಜನರಾದರೆ 4,320 ಲೀಟರ್. ಈಗ ನಿಮ್ಮ ಮಾಳಿಗೆಯ ಮೇಲಿನ 2,000 ಲೀಟರ್ ಟಾಕಿಯನ್ನು ದಿನಕ್ಕೆ ಎಷ್ಟು ಸಲ ತುಂಬುತ್ತೀರಿ, ಎಣಿಸಿ. ಮೂರೂವರೆ ಸಲ ಅಂದರೆ 7,000 ಲೀಟರ್. ಉಳಿದ 2,680 ಲೀಟರ್ ಎಲ್ಲಿ ಹೋಯಿತು?

ಬಹುತೇಕ ಸಂಡಾಸದ ಫ್ಲಶ್ ಟಾಕಿಗಳಲ್ಲಿ ಹೋಗಿರುತ್ತದೆ. ಮಾಲಕರು ಒಪ್ಪದ ಮಾತು ಇದೇ. ಅವರ ಕಣ್ಣು ತೊಟ್ಟಿಕ್ಕುವ ನಳದ ಮೇಲೆ, ಸಂಪಿನ ಬಿರುಕಿನ ಮೇಲೆ. ನಳ ತೊಟ್ಟಿಕ್ಕಿದರೆ ಸದ್ದಾಗುತ್ತದೆ, ಯಾರಾದರೂ ಹೇಳುತ್ತಾರೆ. ಫ್ಲಶ್ ಟಾಕಿ ಸೋರಿದರೆ ನೀರು ಕಮೋಡಿನ ಹಿಂಬದಿಗೆ ಅಂಟಿಕೊಂಡು ಎಳೆಯಂತೆ ಇಳಿಯುತ್ತದೆ. ಸದ್ದಿಲ್ಲ, ನೆಲ ಒದ್ದೆಯಾಗುವುದಿಲ್ಲ. ಒಂದು ಲೀಟರ್ ಬಾಟಲಿ ಮೂರು ನಿಮಿಷದಲ್ಲಿ ತುಂಬುವಷ್ಟು ಸಣ್ಣ ಎಳೆ ಇದ್ದರೂ ದಿನಕ್ಕೆ 480 ಲೀಟರ್. ಎಂಟರಲ್ಲಿ ಐದು ಮನೆಗಳಲ್ಲಿ ಹೀಗಾದರೆ 2,400 ಲೀಟರ್. ಎರಡು ದಿನಕ್ಕೊಮ್ಮೆ ತರಿಸುವ 5,000 ಲೀಟರ್ ಟ್ಯಾಂಕರ್ ಹೆಚ್ಚುಕಡಿಮೆ ಪೂರ್ತಿ ಇಲ್ಲಿಗೇ ಸರಿಹೋಯಿತು.

ನಂಬಿಕೆ ಬಾರದಿದ್ದರೆ ರಾತ್ರಿ ಪರೀಕ್ಷೆ ಮಾಡಿ. ಹನ್ನೊಂದಕ್ಕೆ ಮೋಟಾರ್ ಬಂದ್ ಮಾಡಿ, ಮಾಳಿಗೆಯ ಟಾಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಒಂದು ಕೋಲು ಇಳಿಸಿ ನೀರಿನ ಮಟ್ಟ ಗುರುತಿಸಿ. ಬೆಳಿಗ್ಗೆ ಐದಕ್ಕೆ, ಜನ ಏಳುವ ಮೊದಲು, ಮತ್ತೆ ನೋಡಿ. 135 ಸೆಂಟಿಮೀಟರ್ ಅಡ್ಡಳತೆಯ ದುಂಡು ಟಾಕಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 14 ಲೀಟರ್ ಹೋದಂತೆ. ನಾಲ್ಕೈದು ಸೆಂಟಿಮೀಟರ್ ರಾತ್ರಿಯ ಸಹಜ ಬಳಕೆ ಎಂದು ಬಿಡಬಹುದು. ನಲವತ್ತು ಇಳಿದಿದ್ದರೆ ಸೋರಿಕೆ ಖಚಿತ.

ಯಾವ ಮನೆಯಲ್ಲಿ ಎಂದು ಹುಡುಕಲು ಬಟ್ಟೆಗೆ ಹಾಕುವ ನೀಲಿ ಸಾಕು. ಫ್ಲಶ್ ಟಾಕಿಗೆ ನಾಲ್ಕು ಹನಿ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ನೀಲಿ ಕಂಡರೆ ಸೋರಿಕೆಯಿದೆ. ಮುಚ್ಚಳ ತೆಗೆದು ನೋಡಿ: ನೀರು ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿಯವರೆಗೆ ಬಂದಿದ್ದರೆ ತಪ್ಪು ಟಾಕಿ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನದು, ಅದಕ್ಕಿಂತ ಕೆಳಗಿದ್ದೂ ನೀಲಿ ಇಳಿದಿದ್ದರೆ ತಳದ ವಾಶರ್‌ನದು. ನಮ್ಮ ಬೋರ್ ನೀರಿನ ಗಡಸುತನವೇ ಇದಕ್ಕೆ ಕಾರಣ. ಬಿಳಿ ಉಪ್ಪು ವಾಶರ್ ಕೂರುವ ಅಂಚಿಗೆ ಹರಳುಗಟ್ಟುತ್ತದೆ, ವಾಶರ್ ಸರಿಯಾಗಿ ಕೂರುವುದಿಲ್ಲ. ವಾಶರ್ ಬದಲಿಸಿ ಅಂಚು ಉಜ್ಜದೆ ಬಿಟ್ಟರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಒಂದೊಂದು ದೂರಿಗೆ ಒಂದೊಂದು ಸಲ ಪ್ಲಂಬರ್‌ನನ್ನು ಕರೆಸುವ ಬದಲು ಎಂಟೂ ಮನೆಗಳ ವಾಶರ್‌ಗಳನ್ನು ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು, ಒಂದೇ ದಿನ ಬದಲಿಸಿ. ಹಳೆಯ ವಾಶರ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ.

ಇಷ್ಟಾದ ಮೇಲೆ ಕೈಯಲ್ಲಿ ದುಡ್ಡಿದ್ದರೆ ಬಣ್ಣಕ್ಕೂ ಟೈಲ್ಸಿಗೂ ಹಾಕುವ ಮೊದಲು ಪೈಪಿಗೆ ಹಾಕಿ. ಹಳೆಯ ಕಟ್ಟಡಗಳಲ್ಲಿ ಮಾಳಿಗೆಯಿಂದ ಇಳಿಯುವ ಒಂದೇ ಪೈಪಿನಲ್ಲಿ ಎಲ್ಲ ಮನೆಗಳೂ ನೇತಾಡುತ್ತಿರುತ್ತವೆ. ಒಂದು ಮನೆಯ ನಳ ರಿಪೇರಿಗೆ ಇಡೀ ಕಟ್ಟಡದ ನೀರು ಬಂದ್. ಇದರ ಬದಲು ಟಾಕಿಯಿಂದ ಒಂದೂವರೆ ಇಂಚಿನ ಹೆಡರ್, ಅಂದರೆ ಎಲ್ಲ ಮನೆಗಳಿಗೂ ನೀರು ಹಂಚುವ ಮುಖ್ಯ ಪೈಪು, ಎಳೆದು, ಅದರಿಂದ ಮನೆಗೊಂದು ಬೇರೆ ಪೈಪು, ಪ್ರತಿಯೊಂದಕ್ಕೂ ಒಂದು ವಾಲ್ವ್, ಒಂದು ನೀರಿನ ಮೀಟರ್ ಕೂರಿಸಿ. ಮೇಲಿನ ಅಂತಸ್ತಿಗೆ ಒಂದು ಇಂಚು, ಕೆಳಗಿನವುಗಳಿಗೆ ಮುಕ್ಕಾಲು ಇಂಚು. ಟಾಕಿಗೆ ಹತ್ತಿರವಿರುವ ಮೇಲಿನ ಮನೆಗೇ ಒತ್ತಡ ಕಡಿಮೆ: ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್, ಆ ಮನೆಯ ಶವರ್‌ಗೆ ಸಿಗುವುದು ಎರಡು ಮೂರು ಮೀಟರ್ ಅಷ್ಟೇ. ಅಲ್ಲಿ ಸಣ್ಣ ಮೀಟರ್ ಹಾಕಿದರೆ ಇದ್ದ ಒತ್ತಡವೂ ಹೋಗುತ್ತದೆ.

ಹೆಡರ್ ಶುರುವಾಗುವಲ್ಲಿ ಒಂದು ಜಾಲರಿ ಫಿಲ್ಟರ್ ಮತ್ತು ಟಾಕಿಗಿಂತ ಎತ್ತರಕ್ಕೆ ಎದ್ದ ಒಂದು ಗಾಳಿ ಪೈಪು ಬೇಕೇ ಬೇಕು. ಇದು ಹೊಸ ವಿದ್ಯೆಯಲ್ಲ. ಆದಿಲಶಾಹಿ ಕಾಲದಲ್ಲಿ ಹತ್ತಿರದ ತೊರವಿಯಿಂದ, 1651ರ ಬೇಗಂ ತಾಲಾಬ್ ಕೆರೆಯಿಂದ ಊರಿಗೆ ನೀರು ತಂದವರು ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿದ್ದು ಒತ್ತಡ ತಗ್ಗಲಿ, ಹೂಳು ಕೂರಲಿ ಎಂದೇ. ಇಂದಿಗೂ ಅವು ಊರಲ್ಲಿ ನಿಂತಿವೆ. ಗಾಳಿಗೆ ದಾರಿ ಇಲ್ಲದಿದ್ದರೆ ಟಾಕಿ ಖಾಲಿಯಾಗಿ ಮತ್ತೆ ತುಂಬುವಾಗ ಗಾಳಿಯೇ ಮೀಟರ್ ತಿರುಗಿಸುತ್ತದೆ, ಬಾಡಿಗೆದಾರರು ಜಗಳಕ್ಕೆ ಬರುತ್ತಾರೆ. ಅವರ ಮಾತು ಸರಿಯೇ ಇರುತ್ತದೆ.

ಕೆಲಸದಲ್ಲಿ ಎಡವುವ ಜಾಗಗಳೂ ಇವೆ. ಸಿಪಿವಿಸಿ, ಯುಪಿವಿಸಿ ಎಂದು ಪ್ಲಾಸ್ಟಿಕ್ ಪೈಪುಗಳಲ್ಲಿ ಎರಡು ಬಗೆ; ಸಿಪಿವಿಸಿ ಪೈಪಿಗೆ ಯುಪಿವಿಸಿ ಗಮ್ ಹಚ್ಚಿದರೆ ಜೋಡಣೆ ಮುಂದೆ ಬಿಡುತ್ತದೆ. ಮಾಳಿಗೆಯ ಪೈಪಿಗೆ ಬಿಳಿ ಬಣ್ಣ ಹಚ್ಚದಿದ್ದರೆ ನಮ್ಮ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ವಾಲ್ವ್ ಹಿತ್ತಾಳೆಯದಿರಲಿ, ಮೂರು ತಿಂಗಳಿಗೊಮ್ಮೆ ತಿರುಗಿಸಿ ಬಿಡಿ, ಇಲ್ಲವಾದರೆ ಉಪ್ಪು ಕಟ್ಟಿ ಬೇಕಾದ ದಿನ ಅಲ್ಲಾಡುವುದಿಲ್ಲ. ಮೋಟಾರ್ ತಾನೇ ಬಂದ್ ಆಗುವ ಸ್ವಿಚ್ಚಿಗೆ ಲೋಹದ ಕಡ್ಡಿಯ ಸೆನ್ಸರ್ ಬೇಡ, ಗಡಸು ನೀರಿನಲ್ಲಿ ಕಡ್ಡಿಗೆ ಉಪ್ಪು ಹತ್ತಿ ತಪ್ಪು ಮಟ್ಟ ತೋರಿಸುತ್ತದೆ. ತೇಲುವ ಫ್ಲೋಟ್ ಸ್ವಿಚ್ ಹಾಕಿ, ಸಂಪಿನಲ್ಲೂ ಒಂದಿರಲಿ. ಇನ್ನೊಂದು ಟಾಕಿ ಏರಿಸುವ ಯೋಚನೆಯಿದ್ದರೆ ನೆನಪಿಡಿ, 2,000 ಲೀಟರ್ ಎಂದರೆ ಎರಡು ಟನ್ ಭಾರ. ಕಾಲಂ, ಬೀಮ್ ಎಲ್ಲಿವೆ ಎಂದು ಎಂಜಿನಿಯರ್ ನೋಡದೆ ಸ್ಲ್ಯಾಬಿನ ನಡುವೆ ಇಡಬೇಡಿ.

ವಿದ್ಯುತ್ತಿನ ಬಗ್ಗೆ ಇಷ್ಟೇ: ಮನೆಗೊಂದು ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇಲ್ಲದಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆ, ಅದಕ್ಕೆ ಮನೆಗೊಂದು ವಿದ್ಯುತ್ ಮೀಟರ್ ಬೇಕು.

ನೀರಿನ ಮೀಟರ್ ಕೂರಿಸಿದ ಕೂಡಲೇ ಬಿಲ್ ಕೊಡಬೇಡಿ. ಮೊದಲ ಎರಡು ತಿಂಗಳು ಎಲ್ಲರ ರೀಡಿಂಗ್ ಬರೆದು ಮೆಟ್ಟಿಲ ಬಳಿ ಹಚ್ಚಿ, ದುಡ್ಡು ಕೇಳಬೇಡಿ. ಪಕ್ಕದ ಮನೆಗಿಂತ ತಮ್ಮದು ದುಪ್ಪಟ್ಟು ಎಂದು ಕಂಡವರು ತಾವೇ ಬಂದು ಫ್ಲಶ್ ನೋಡಲು ಹೇಳುತ್ತಾರೆ. ಆಮೇಲೆ ಮನೆಗೆ ಇಷ್ಟು ಲೀಟರ್ ಬಾಡಿಗೆಯಲ್ಲೇ, ಹೆಚ್ಚಾದದ್ದಕ್ಕೆ ಟ್ಯಾಂಕರ್ ದರ ಎಂದು ಮುಂದಿನ ಕರಾರಿನಲ್ಲಿ ಬರೆಸಿ. ಬಾಡಿಗೆ ತಡವಾಯಿತೆಂದು ಮಾತ್ರ ಆ ವಾಲ್ವ್ ಮುಚ್ಚಬೇಡಿ. ಅದು ಇರುವುದು ರಿಪೇರಿಗೆ.