ಕೋವಿಗೆ ಮೊದಲು ನೀರು, ಆಮೇಲೆ ಎಣ್ಣೆ

ಆಯುಧಪೂಜೆ ಕಳೆದ ಮೇಲೆ ನಮ್ಮ ರಿಪೇರಿ ಅಂಗಡಿಗೆ ಬರುವ ಕೋವಿಗಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಕಾಯಿಲೆ. ಹೊರಗಿನಿಂದ ಫಳಫಳ ಅಂತಿರುತ್ತವೆ, ಮೇಲೆ ಕುಂಕುಮ ಬೇರೆ. ನಳಿಗೆಗೆ ಕಣ್ಣಿಟ್ಟು ನೋಡಿದರೆ ಆ ತುದಿಯ ಬೆಳಕೇ ಕಾಣುವುದಿಲ್ಲ. ಕೇಳಿದರೆ, "ಪ್ರತಿ ವರ್ಷ ಕೊಬ್ಬರಿ ಎಣ್ಣೆ ಹಾಕ್ತೀವಲ್ಲ" ಅಂತಾರೆ. ಅದೇ ತೊಂದರೆ ಆಗಿರೋದು ಮಾರಾಯ್ರೇ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಮಾರ್ಗಶಿರದ ಬೆಳಗ್ಗೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ವರ್ಷ ಕಳೆದಂತೆ ಅದು ಅಂಟಾಗಿ, ಧೂಳು, ಅಟ್ಟದ ಹೊಗೆ ಎಲ್ಲ ಹಿಡಿದು ಗಟ್ಟಿ ಪದರ ಆಗುತ್ತದೆ. ಆದರೆ ನಿಜವಾದ ಹಾಳು ಆ ಪದರದ ಅಡಿಯಲ್ಲಿ ನಡೆಯುತ್ತಿರುತ್ತದೆ.

ಬಾಯಿಯಿಂದ ಕರಿಮದ್ದು (ಅದಕ್ಕೇ ಮಸಿ ಅನ್ನೋದು) ತುಂಬುವ ಮಸಿ ಕೋವಿಯಲ್ಲಿ ಒಂದು ಈಡು, ಅಂದರೆ ಒಂದು ಸಲಕ್ಕೆ ತುಂಬಿದ ಮದ್ದು-ಗುಂಡು, ಹೊಡೆದರೆ ಹಾಕಿದ ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿಲ ಆಗುವುದೇ ಇಲ್ಲ. ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಇರೋದು ಹೆಚ್ಚಾಗಿ ಉಪ್ಪುಗಳು. "ನಮ್ಮದು ರೈಫಲ್, ಮಸಿ ಕೋವಿ ಅಲ್ಲ" ಅನ್ನುವವರೂ ಬೀಗಬೇಡಿ. ಹಳೆಯ ತೋಟಾಗಳಲ್ಲಿ ಬಹಳಷ್ಟಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಇದ್ದ ಕೇಪು (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಹಾಕುತ್ತಿದ್ದರು. ಅದು ಸಿಡಿದು ಬಿಡುವ ಪೊಟ್ಯಾಸಿಯಂ ಕ್ಲೋರೈಡ್ ಅಡುಗೆ ಉಪ್ಪಿನ ಜಾತಿಯದೇ. ಉಪ್ಪು ಗಾಳಿಯ ತೇವ ಎಳೆಯುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ಈಗ ಮುಖ್ಯ ಮಾತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟು ಸುರಿದರೂ ಕರಗುವುದಿಲ್ಲ, ಬೆಲೆಬಾಳುವ ಎಣ್ಣೆ ಹಾಕಿದರೂ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತದೆ. ನೀವು ಎಣ್ಣೆ ಹಾಕಿದಾಗ ಆ ಉಪ್ಪನ್ನು ಒಳಗೇ ಮುಚ್ಚಿಟ್ಟ ಹಾಗಾಯಿತು. ತೊಳೆಯದ ಬಾಣಲೆಗೆ ದಿನಾ ಹೊಸ ಎಣ್ಣೆ ಹುಯ್ದರೆ ಅದು ಚೊಕ್ಕ ಆಗುತ್ತದಾ?

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಿಂದ .315 ರೈಫಲ್ ಬಂದಿತ್ತು, ಈಶಾಪುರದ ಸರ್ಕಾರಿ ಕಾರ್ಖಾನೆಯದು. 1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತ ಮೇಲೆ ಅದು ಗೋಡೆ ಬಿಟ್ಟು ಇಳಿದದ್ದು ಪೂಜೆಗೆ ಮಾತ್ರ. ಲೈಸೆನ್ಸ್ ಮೊಮ್ಮಗನ ಹೆಸರಿಗೆ ಆಗಿತ್ತು, ಜೊತೆಗೆ ಅಜ್ಜನೂ ಬಂದಿದ್ದರು. ನಳಿಗೆ ಬಾಯಿಗೆ ತುರುಕಿದ ಬಟ್ಟೆ ತೆಗೆದರೆ ಅದರ ಹಿಂದೆ ಕುಂಬಾರ ಹುಳದ ಮಣ್ಣಿನ ಗೂಡು! ಬಟ್ಟೆ ಇಡುವ ಮೊದಲೇ ಕಟ್ಟಿದ್ದಿರಬೇಕು. ಹುಡುಗನಿಗೆ ಯಾರೋ ಹೇಳಿದ್ದರಂತೆ, ಒಂದು ಗುಂಡು ಹೊಡೆದರೆ ಎಲ್ಲ ಕಿತ್ತುಕೊಂಡು ಹೋಗತ್ತೆ ಅಂತ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಟ್ಟಿಕೊಂಡ ನಳಿಗೆಯಲ್ಲಿ ಗುಂಡು ತಡೆದರೆ ಹಿಂದಿನ ಒತ್ತಡಕ್ಕೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಅದನ್ನು ಹಿಡಿದಿರುವುದು ನಿಮ್ಮ ಎಡಗೈ.

ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ), ಮ್ಯಾಗಜಿನ್ ಖಾಲಿ ಇದೆ ಅಂತ ನೋಡಿಕೊಂಡು, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು, ಮರದ ಹಿಡಿಯಿಂದ ನಳಿಗೆ ಬೇರೆ ಮಾಡಿದೆ. ಮಣ್ಣನ್ನು ಮರದ ಕಡ್ಡಿಯಲ್ಲಿ ಸ್ವಲ್ಪಸ್ವಲ್ಪವೇ ಕೆರೆದು ತೆಗೆದು, ಬಾಯಿಗೆ ಬಿರಡೆ ಹಾಕಿ ಒಳಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ನಿಲ್ಲಿಸಿದೆ. ಬೆಳಗ್ಗೆ ಹಿತ್ತಾಳೆ ಬ್ರಶ್ಶು, ಅದೂ ಹಿಂದಿನಿಂದ. ಬಾಯಿಯ ಕಡೆಯಿಂದ ಕಬ್ಬಿಣದ ಸರಳು ಹಾಕಿ ತಿಕ್ಕಿದರೆ ಅಂಚು ಸವೆದು ಗುರಿ ಕೆಡುತ್ತದೆ. ಮೊದಲ ಬಟ್ಟೆ ಕರಿ ಟಾರಿನ ಹಾಗೆ ಬಂತು, ಆಮೇಲೆ ಕಂದು, ನಡುವೆ ಎಲ್ಲೋ ತಾಮ್ರದ ಹಸಿರು.

ಆಮೇಲೆ ಕುದಿಯುವ ನೀರಿನ ಪಾತ್ರೆ ತಂದೆ. ಅಜ್ಜ ಕೂತಲ್ಲಿಂದ ಎದ್ದೇಬಿಟ್ಟರು. "ಕಬ್ಬಿಣಕ್ಕೆ ನೀರು ಹುಯ್ತೀಯೇನೋ? ತುಕ್ಕು ಹಿಡಿಯಲ್ವಾ?"

ಪಾಪ, ಅವರ ಆತಂಕ ನನಗೆ ಅರ್ಥ ಆಗುತ್ತದೆ. ಆದರೆ ಹಳೇ ಕೋವಿಗಳ ಮೇಲೆ ಕಾಣುವ ಆ ನೀಲಿಗಪ್ಪು ಬಣ್ಣ ಬಹಳಷ್ಟು ಸಲ ನೀರಿನಿಂದಲೇ ಬಂದದ್ದು. ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿ ಉಜ್ಜಿ ತೆಗೆದು ಮತ್ತೆ ಮತ್ತೆ ಹಾಗೇ ಮಾಡುತ್ತಿದ್ದರು. ಕೆಡಿಸುವುದು ಒಳಗೆ ನಿಂತ ತೇವ. ಕುದಿಯುವ ನೀರು ಹುಯ್ದರೆ ನಳಿಗೆ ಕೈ ಇಡಲಾಗದಷ್ಟು ಕಾದು, ಒರೆಸಿದರೆ ಬೇಗ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ತೆಳು ಮೆಷಿನ್ ಎಣ್ಣೆ, ಬಟ್ಟೆಯಲ್ಲಿ ಒಂದೇ ಕೈ. ಸುರಿಯುವುದಲ್ಲ, ಸವರುವುದು.

ಆ ರೈಫಲ್‌ನ ನಳಿಗೆಯೊಳಗಿನ ಸುರುಳಿ ಗೆರೆಗಳು ಕಂಡವು, ಚೇಂಬರ್ ಹತ್ತಿರ ಮಾತ್ರ ತುಕ್ಕು ತಿಂದ ಗುಳಿಗಳಿವೆ. ಗುಳಿ ಹೋಗುವುದಿಲ್ಲ. ಡ್ರಿಲ್ಲಿಗೆ ಮರಳು ಕಾಗದ ಸಿಕ್ಕಿಸಿ ಉಜ್ಜಿಸಿಕೊಂಡು ಬರುವವರಿದ್ದಾರೆ, ದಯವಿಟ್ಟು ಬೇಡ. ಒಳಗೆ ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿದೆ ಅಂತಲೇ ಅನುಮಾನಿಸಬೇಕು, ಅಂಥದ್ದನ್ನು ಹೊಡೆಯಲು ನಾನು ಒಪ್ಪುವುದಿಲ್ಲ. ಬರೀ ಬರಹ ಓದಿ ಯಾರೂ ನಿರ್ಧಾರ ಮಾಡಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ಕೇಪಿನ ಕೋವಿಯವರಿಗೆ, ಅಂದರೆ ಕೇಪು ಇಟ್ಟು ಹೊಡೆಯುವ ಮಸಿ ಕೋವಿಯವರಿಗೆ, ಇನ್ನೊಂದು ಮಾತು. ಒಳಗೆ ಹಳೇ ಈಡು ಇರಬಹುದು, ಅಜ್ಜನ ಕಾಲದ್ದೇ ಆದರೂ ಮಸಿ ಹೊತ್ತಿಕೊಳ್ಳುತ್ತದೆ. ಬಾಯಿಗೆ ಮುಖ ಕೊಡದೆ ಮರದ ಕೋಲು ಇಳಿಸಿ, ಗುರುತು ಮಾಡಿ ಹೊರಗಿಟ್ಟು ಅಳೆಯಿರಿ. ಕೇಪು ಕೂರುವ ಜಾಗದವರೆಗೆ ಕೋಲು ಮುಟ್ಟದಿದ್ದರೆ ಒಳಗೆ ಏನೋ ಇದೆ. ಅಲ್ಲಿಗೆ ಕೈ ಬಿಡಿ. ಕಾಯಿಸುವುದು, ಜಡಿಯುವುದು ಏನೂ ಮಾಡದೆ ತಂದುಕೊಡಿ.

ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತು ವಾಪಸ್ ಬರುತ್ತದೆ. ಅದನ್ನು ಸೀದಾ ಗೋಡೆಗೆ ಏರಿಸಬೇಡಿ, ಒಂದು ಸಲ ಬಿಚ್ಚಿ ನೋಡಿ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು ಎಣ್ಣೆ ಸವರಿದ ಮೂರನೇ ದಿನ ಬಿಳಿ ಬಟ್ಟೆ ಹಾಕಿ ಎಳೆಯಿರಿ. ಕೆಂಪು ಬಂದರೆ ಉಪ್ಪು ಇನ್ನೂ ಇದೆ ಅಂತ, ಮತ್ತೆ ನೀರು ಕುದಿಸಿ.