ಪ್ಲಿಮತ್ ಲೇಸರ್: ಒಂದೇ ಕಾರಿಗೆ ಮೂರು ಹೆಸರು

ಚಾಸಿ ನಂಬರಿನಿಂದಲೇ ಶುರು ಮಾಡೋಣ. ಮೊದಲ ಮೂರು ಅಕ್ಷರ 4ಎ3 ಅಂತಿದ್ದರೆ ಅದು ಮಿತ್ಸುಬಿಷಿ ಎಕ್ಲಿಪ್ಸ್. 4ಇ3 ಇದ್ದರೆ ಈಗಲ್ ಟ್ಯಾಲನ್. 4ಪಿ3 ಇದ್ದರೆ ನಮ್ಮ ಇವತ್ತಿನ ಪಾಠ, ಪ್ಲಿಮತ್ ಲೇಸರ್. ಈಗಲ್, ಪ್ಲಿಮತ್ ಎರಡೂ ಅಮೆರಿಕದ ಕ್ರೈಸ್ಲರ್ ಕಂಪನಿಯ ಬ್ರ್ಯಾಂಡುಗಳು. ಮೊದಲ 4 ಅಂದರೆ ಅಮೆರಿಕದಲ್ಲಿ ತಯಾರಾದ ಕಾರು. ಮೂರೂ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವು. ಊರಿನ ಹೆಸರು ನಿಜವಾಗಿಯೂ ನಾರ್ಮಲ್! ನಮ್ಮ ಹಳಬರು ಮೇಷ್ಟ್ರ ತರಬೇತಿ ಶಾಲೆಗೆ ನಾರ್ಮಲ್ ಸ್ಕೂಲ್ ಅನ್ನುತ್ತಿದ್ದರಲ್ಲ, ಅಂಥದ್ದೇ ಒಂದು ಶಾಲೆಯಿಂದ ಬಂದ ಹೆಸರದು.

ಒಂದೇ ಕಾರಿಗೆ ಬೇರೆ ಬೇರೆ ಲೋಗೋ ಅಂಟಿಸಿ ಮಾರುವುದಕ್ಕೆ ಬ್ಯಾಡ್ಜ್ ಎಂಜಿನಿಯರಿಂಗ್ ಅನ್ನುತ್ತಾರೆ. ಬಲೆನೋ ಮತ್ತು ಗ್ಲಾಂಜಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ತ್ರಿವಳಿ ಯಾಕೆ ಹುಟ್ಟಿತು? 1981ರಿಂದ ಅಮೆರಿಕಕ್ಕೆ ಬರುವ ಜಪಾನಿ ಕಾರುಗಳ ಸಂಖ್ಯೆಗೆ ಮಿತಿ ಇತ್ತು. ಅಲ್ಲೇ ಕಾರ್ಖಾನೆ ಕಟ್ಟಿದರೆ ಆ ತಲೆನೋವಿಲ್ಲ. ಮಿತ್ಸುಬಿಷಿಗೆ ಅದು ಬೇಕಿತ್ತು. ಕ್ರೈಸ್ಲರ್‌ಗೆ ಒಳ್ಳೆಯ ಸಣ್ಣ ಕಾರು ಬೇಕಿತ್ತು. 1971ರಿಂದಲೇ ಅದು ಮಿತ್ಸುಬಿಷಿ ಕಾರುಗಳನ್ನು ಡಾಡ್ಜ್ ಕೋಲ್ಟ್ ಅಂತ ಮಾರುತ್ತಿತ್ತು, ಹಾಗಾಗಿ ಪರಿಚಯ ಹಳೆಯದು. 1985ರಲ್ಲಿ ಅರ್ಧ-ಅರ್ಧ ಪಾಲಿನಲ್ಲಿ ಡೈಮಂಡ್-ಸ್ಟಾರ್ ಮೋಟರ್ಸ್ ಆಯಿತು. ಡೈಮಂಡ್ ಮಿತ್ಸುಬಿಷಿಯ ಮೂರು ವಜ್ರ, ಸ್ಟಾರ್ ಕ್ರೈಸ್ಲರ್‌ನ ಐದು ಮೂಲೆಯ ನಕ್ಷತ್ರ. 1988ರ ಕೊನೆಗೆ ಉತ್ಪಾದನೆ ಶುರುವಾಯಿತು. ಲೇಸರ್ 1990ರ ಮಾಡೆಲ್ ಆಗಿ ಮಾರುಕಟ್ಟೆಗೆ ಬಂತು.

ಈಗ ಬಾನೆಟ್ ಹತ್ತಿರ ಬನ್ನಿ. ಕೆಲವು ಲೇಸರ್‌ಗಳ ಬಾನೆಟ್ ಮೇಲೆ ಒಂದು ಬದಿಗೆ ಗುಬುಟು ಕಾಣುತ್ತದೆ. ಸುಮ್ನೆ ಸ್ಟೈಲಿಗೆ ಇಟ್ಟದ್ದಲ್ಲ. 2.0 ಲೀಟರ್ ಎಂಜಿನ್ನಿಗೆ ಮೇಲೆ ಎರಡು ಕ್ಯಾಮ್‌ಶಾಫ್ಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡಗಳು. ಅವನ್ನು ತಿರುಗಿಸುವ ಗಿಯರುಗಳ ಮುಚ್ಚಳ ಎತ್ತರವಾಗಿ, ತಗ್ಗು ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಲೋಹವನ್ನೇ ಉಬ್ಬಿಸಿದರು. 4ಜಿ63 ಎಂಬ ಈ ಎಂಜಿನ್ನೇ ಮುಂದೆ ಮಿತ್ಸುಬಿಷಿಯ ವೇಗದ ಕಾರು ಲ್ಯಾನ್ಸರ್ ಎವಲ್ಯೂಷನ್‌ನಲ್ಲಿ ಹೆಸರು ಮಾಡಿತು. ಲೇಸರ್‌ನಲ್ಲಿ ಅದು ಟರ್ಬೊ ಇಲ್ಲದೆ 135 ಎಚ್‌ಪಿ, ಟರ್ಬೊ ಜೊತೆ 190 ಎಚ್‌ಪಿ ಕೊಡುತ್ತಿತ್ತು. ಕಡಿಮೆ ಬೆಲೆಯ 1.8 ಲೀಟರ್ ಎಂಜಿನ್‌ದು ಬರೀ 92 ಎಚ್‌ಪಿ. ಹೊರಗಿನಿಂದ ಸ್ಪೋರ್ಟ್ಸ್ ಕಾರು, ಒಳಗೆ ಮನೆ ಸಾಮಾನು ತರುವ ಕಾರು!

1992ರ ಮಾಡೆಲ್‌ನಲ್ಲಿ ಮೂರಕ್ಕೂ ಮೇಲೇಳುವ ಹೆಡ್‌ಲ್ಯಾಂಪ್ ಹೋಗಿ ಮಾಮೂಲಿ ದೀಪ ಬಂತು. ನನಗೆ ಹಳೆಯ ಮುಖವೇ ಇಷ್ಟ.

ಹಾಗಾದರೆ ಲೇಸರ್ ಮಾತ್ರ ಯಾಕೆ ಬೇಗ ಸತ್ತಿತು? ಪರೀಕ್ಷೆಯಲ್ಲಿ ‘ಕಾರು ಚೆನ್ನಾಗಿರಲಿಲ್ಲ’ ಅಂತ ಬರೆದರೆ ಮಾರ್ಕ್ಸ್ ಸಿಗಲ್ಲ. ಎಕ್ಲಿಪ್ಸ್ ಕೂಡ ಅದೇ ಕಾರಲ್ವಾ? ಟರ್ಬೊ ಜೊತೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆವೃತ್ತಿ ಎಕ್ಲಿಪ್ಸ್ ಮತ್ತು ಟ್ಯಾಲನ್‌ಗೆ 1990ರ ಮಾಡೆಲ್‌ನಲ್ಲೇ ಇತ್ತು. ಲೇಸರ್‌ಗೆ ಸಿಕ್ಕಿದ್ದು 1992ರಲ್ಲಿ. ಅಷ್ಟರಲ್ಲಿ ವೇಗದ ಹುಚ್ಚಿನವರು ಬೇರೆ ಎರಡನ್ನು ಕೊಂಡಾಗಿತ್ತು ಅನ್ನುವುದು ನನ್ನ ಲೆಕ್ಕ. ಪ್ಲಿಮತ್ ಹೆಸರಿನದೂ ಒಂದು ಸಮಸ್ಯೆ. ಅದರ ಸ್ಪೋರ್ಟಿ ಕಾರು ಬ್ಯಾರಕುಡಾ 1974ಕ್ಕೇ ಮುಗಿದಿತ್ತು. 80ರ ದಶಕದ ಹೊತ್ತಿಗೆ ಪ್ಲಿಮತ್ ಅಂದರೆ ಮಕ್ಕಳನ್ನು ತುಂಬಿಕೊಂಡು ಹೋಗುವ ವಾಯೇಜರ್ ವ್ಯಾನ್. ಅದೇ ಶೋರೂಮಿಗೆ ಲೇಸರ್‌ನಂಥ ಸ್ಪೋರ್ಟಿ ಕೂಪೆ ಹುಡುಕಿಕೊಂಡು ಯಾವ ಹುಡುಗ ಹೋಗ್ತಾನೆ?

1991ರಲ್ಲಿ ಕ್ರೈಸ್ಲರ್ ತನ್ನ ಅರ್ಧ ಪಾಲನ್ನು ಮಿತ್ಸುಬಿಷಿಗೆ ಮಾರಿತು. 1994ರ ಮಾಡೆಲ್‌ಗೆ ಲೇಸರ್ ನಿಂತುಹೋಯಿತು. 1995ರಲ್ಲಿ ಹೊಸ ತಲೆಮಾರು ಬಂದಾಗ ಎಕ್ಲಿಪ್ಸ್ ಮತ್ತು ಟ್ಯಾಲನ್ ಮಾತ್ರ ಉಳಿದವು. ಟ್ಯಾಲನ್ 1998ರವರೆಗೆ ಎಳೆಯಿತು, ಅದರ ಜೊತೆಗೇ ಈಗಲ್ ಬ್ರ್ಯಾಂಡ್ ಕೂಡ ಹೋಯಿತು. ಆ ನಾರ್ಮಲ್ ಕಾರ್ಖಾನೆಯಲ್ಲಿ ಈಗ ರಿವಿಯನ್ ಕಂಪನಿಯ ಎಲೆಕ್ಟ್ರಿಕ್ ಗಾಡಿಗಳು ತಯಾರಾಗುತ್ತವೆ.

ಹುಡುಕುವಾಗ ಒಂದು ಎಚ್ಚರ. 1984ರಿಂದ 86ರವರೆಗೆ ಕ್ರೈಸ್ಲರ್ ಲೇಸರ್ ಅಂತ ಬೇರೊಂದು ಕಾರಿತ್ತು, ಅದು ಡಾಡ್ಜ್ ಡೇಟೋನಾದ ಜೋಡಿ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಲೇಸರ್ ಇತ್ತು, ಅದು ಮಾಜ್ದಾ 323ರ ಜೋಡಿ. ಲೇಸರ್ ಅಂತ ಹೆಸರಿಟ್ಟ ಯಾವುದಕ್ಕೂ ಒಂಟಿಯಾಗಿ ಹುಟ್ಟುವ ಯೋಗ ಇರಲಿಲ್ಲ ಅನ್ಸತ್ತೆ.